ಸರೀಸೃಪ ಸಮೀಕ್ಷೆಯ ತಂಡಕ್ಕೆ ಸೇರಲು ಅರ್ಜಿಯಲ್ಲಿ ಏನು ಬರೆಯಬೇಕು?

ನಿಮ್ಮ ಪ್ರಶ್ನೆ ಇಷ್ಟು: ಮೂಡಿಗೆರೆ ಹತ್ತಿರ ಮನೆ, ಡಿಗ್ರಿ ಎರಡನೇ ವರ್ಷ, ಪಶ್ಚಿಮ ಘಟ್ಟದ ಸರೀಸೃಪ ಸಮೀಕ್ಷೆಗೆ ಅರ್ಜಿ ಹಾಕುತ್ತಿದ್ದೀರಿ, ಜೊತೆಗೆ ನಾಗರಹಾವು ಹಿಡಿದುಕೊಂಡ ಫೋಟೊ ಕಳಿಸಬಹುದೇ?

ದಯವಿಟ್ಟು ಕಳಿಸಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ 'ಬೇಟೆ' ಎನ್ನುವಾಗ ಹಿಡಿಯುವುದನ್ನೂ ಅದರಲ್ಲೇ ಸೇರಿಸುತ್ತದೆ. ಸಂಶೋಧನೆಗೆ ಹಿಡಿಯಲೂ ಅನುಮತಿ ಪತ್ರ ಬೇಕು. ಆ ಫೋಟೊ ನೋಡಿದ ತಂಡದ ಮುಖ್ಯಸ್ಥರಿಗೆ ನಿಮ್ಮ ಧೈರ್ಯ ಕಾಣುವುದಿಲ್ಲ. ಆಸ್ಪತ್ರೆ ದೂರವಿರುವ ಕಾಡಿನಲ್ಲಿ ಈ ಹುಡುಗ ಕಚ್ಚಿಸಿಕೊಂಡರೆ ಏನು ಗತಿ ಎಂಬ ಚಿಂತೆ ಹತ್ತುತ್ತದೆ.

ನನ್ನ ಪ್ರಕಾರ ಅರ್ಜಿಗೆ ತೂಕ ಕೊಡುವುದು ನಿಮ್ಮ ಟಿಪ್ಪಣಿ ಪುಸ್ತಕ. ಭದ್ರಾಕ್ಕೋ ಕುದುರೆಮುಖಕ್ಕೋ ಅನುಮತಿ ಇಲ್ಲದೆ ನುಗ್ಗುವ ಅಗತ್ಯವೇ ಇಲ್ಲ, ಮನೆಯ ಕಾಫಿ ತೋಟ ಸಾಕು. ಹಳ್ಳದ ಬದಿಯಲ್ಲಿ 200 ಮೀಟರ್ ದಾರಿ ಗುರುತು ಮಾಡಿ. ವಾರಕ್ಕೆ ಎರಡು ದಿನ, ರಾತ್ರಿ 7ರಿಂದ 8, ಆರು ವಾರ ನಡೆಯಿರಿ. ಒಬ್ಬರೇ ಹೋಗಬೇಡಿ. ಇಬ್ಬರು ಒಂದು ಗಂಟೆ ಹುಡುಕಿದರೆ ಎರಡು ಮಾನವ-ಗಂಟೆ, ಹನ್ನೆರಡು ನಡಿಗೆಗೆ 24. ಆನೆ ಬಂದಿದೆ ಎಂಬ ಸುದ್ದಿ ಇದ್ದರೆ ಹೋಗಬೇಡಿ, 'ಆನೆ, ನಡಿಗೆ ರದ್ದು' ಎಂದು ಬರೆದಿಡಿ.

ನಿಧಾನವಾಗಿ ನಡೆಯಿರಿ, ಟಾರ್ಚನ್ನು ನೆಲಕ್ಕಷ್ಟೇ ಹಿಡಿಯಬೇಡಿ. ಓತಿಕ್ಯಾತ ರಾತ್ರಿ ಕೊಂಬೆಯ ತುದಿಯಲ್ಲಿ ಬಿಳಚಿಕೊಂಡು ಮಲಗಿರುತ್ತದೆ. ಹಸಿರು ಹಾವೂ ಹಾಗೆಯೇ. ಮಲಬಾರ್ ಗುಳಿಮಂಡಲ ಎಂಬ ವಿಷದ ಹಾವು ಹಳ್ಳದ ಪಕ್ಕದ ಕುರುಚಲಿನಲ್ಲಿ ಅಲುಗಾಡದೆ ಕೂತಿರುತ್ತದೆ, ಆದ್ದರಿಂದ ಕೈಯಿಂದ ಗಿಡ ಸರಿಸಬೇಡಿ. ಕಂಡದ್ದಕ್ಕೆಲ್ಲ ಸಮಯ, ಜಾತಿ, ನೆಲದಿಂದ ಎಷ್ಟು ಎತ್ತರ, ಯಾವುದರ ಮೇಲೆ, ಏನು ಮಾಡುತ್ತಿತ್ತು, ಮಳೆ, ಉಷ್ಣಾಂಶ ದಾಖಲಿಸಿ. ಮರದಡಿ ಮೊಬೈಲಿನ ಜಿಪಿಎಸ್ ತಪ್ಪುತ್ತದೆ. ಒಂದು ನಿಮಿಷ ನಿಂತು, ತೋರಿಸುವ ನಿಖರತೆ 10 ಮೀಟರ್ ಒಳಗೆ ಬಂದ ಮೇಲೆ ಬರೆದುಕೊಳ್ಳಿ.

ಏನೂ ಕಾಣದ ದಿನ 'ಸೊನ್ನೆ' ಎಂದು ಬರೆಯಿರಿ. ಹೆಚ್ಚಿನವರು ಇದನ್ನೇ ಬಿಡುತ್ತಾರೆ. ಮಾನವ-ಗಂಟೆಗೆ ಎಷ್ಟು ಕಂಡವು ಎಂಬುದು ಸಮೀಕ್ಷೆಯ ಮುಖ್ಯ ಲೆಕ್ಕ. ಸೊನ್ನೆ ದಿನ ಬಿಟ್ಟರೆ ತೋಟದಲ್ಲಿ ಹಾವು ತುಂಬಿ ತುಳುಕುತ್ತಿರುವಂತೆ ಸುಳ್ಳು ಚಿತ್ರ ಬರುತ್ತದೆ.

ಗುರುತಿಸುವುದರಲ್ಲಿ ಎಡವುವ ಜಾಗ ವಿಷದ ಕಟ್ಟುಹಾವು ಮತ್ತು ಅದರಂತೆಯೇ ಕಾಣುವ, ವಿಷವಿಲ್ಲದ ತೋಳಹಾವು. ಕಟ್ಟುಹಾವಿನ ಬೆನ್ನಿನ ನಡುಸಾಲಿನ ಹುರುಪೆಗಳು ಅಕ್ಕಪಕ್ಕದವಕ್ಕಿಂತ ದೊಡ್ಡವು, ಆರು ಮೂಲೆಯವು. ಬಿಳಿ ಪಟ್ಟೆಗಳು ಹೆಚ್ಚಾಗಿ ಜೋಡಿ ಜೋಡಿ, ತಲೆಯಿಂದ ದೂರದಲ್ಲಿ ಶುರುವಾಗಿ ಬಾಲದ ಕಡೆ ಸ್ಪಷ್ಟವಾಗುತ್ತವೆ. ತೋಳಹಾವಿನ ಪಟ್ಟೆ ಕತ್ತಿನ ಹತ್ತಿರವೇ ಶುರು, ಬಾಲದ ಕಡೆ ಮಸುಕು. ಮರಿಗಳಲ್ಲಿ ಪಟ್ಟೆ ನಂಬಬೇಡಿ. ಇದನ್ನೆಲ್ಲ ದೂರದಿಂದ ತೆಗೆದ ಜೂಮ್ ಫೋಟೊದಲ್ಲಿ ನೋಡಬೇಕು, ಬಗ್ಗಿ ಅಲ್ಲ. ದುಂಡು ಪಾಪೆಯ ಸಣ್ಣ ಕಾಡುಹಲ್ಲಿ ಸಿಕ್ಕರೆ 'ನೆಮಾಸ್ಪಿಸ್' ಕುಲ ಎಂದಷ್ಟೇ ಬರೆದು ನಿಲ್ಲಿಸಿ. ಫೋಟೊ ನೋಡಿ ಜಾತಿ ಹೇಳುವುದು ಬಲ್ಲವರಿಗೂ ಕಷ್ಟ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆದ ಹುಡುಗನ ಉಳಿದ ದಾಖಲೆಗಳನ್ನು ನಂಬಬಹುದು.

ಪತ್ರ 250 ಪದ ಮೀರದಿರಲಿ. ಮೊದಲ ವಾಕ್ಯದಲ್ಲೇ ನಡಿಗೆ, ಮಾನವ-ಗಂಟೆ, ಜಾತಿಗಳ ಸಂಖ್ಯೆ ಹೇಳಿ. 'ಚಿಕ್ಕಂದಿನಿಂದ ಹಾವೆಂದರೆ ಪ್ರಾಣ' ಎಂಬುದು ಎಲ್ಲ ಅರ್ಜಿಯಲ್ಲೂ ಇರುತ್ತದೆ. ಅದರ ಬದಲು ಶಿಬಿರಕ್ಕೆ ನಿಮ್ಮಿಂದ ಏನು ಉಪಯೋಗ ಎಂದು ಬರೆಯಿರಿ: ಜೀಪು ಓಡಿಸುವುದು, ಹತ್ತು ಜನಕ್ಕೆ ಅನ್ನ ಸಾರು ಮಾಡುವುದು, ಜಿಗಣೆ ಮಳೆಯಲ್ಲಿ 8 ಕೆ.ಜಿ. ಚೀಲ ಹೊತ್ತು ನಡೆಯುವುದು, ತೋಟದ ಆಳುಗಳ ಹತ್ತಿರ ಕೂತು ಮಾತಾಡುವುದು.

ಸಂದರ್ಶನದಲ್ಲಿ ಹಾವು ಕಡಿತದ ಬಗ್ಗೆ ಕೇಳುವ ಸಾಧ್ಯತೆ ಹೆಚ್ಚು. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷದಿಂದ ತಯಾರಾದದ್ದು. ಮಲೆನಾಡಿನ ಗುಳಿಮಂಡಲಗಳಿಗೆ ಅದನ್ನು ನೆಚ್ಚುವಂತಿಲ್ಲ. ಕಚ್ಚಿದರೆ ಕೊಯ್ಯಬಾರದು, ಹಗ್ಗ ಬಿಗಿಯಬಾರದು. ಉಂಗುರ, ಗಡಿಯಾರ ತೆಗೆದು, ಕೈಕಾಲು ಅಲುಗದಂತೆ ಇಟ್ಟು ನೇರ ಆಸ್ಪತ್ರೆಗೆ ಹೋಗಬೇಕು. ಬೇಸಿಗೆಯಲ್ಲಿ ಮಂಗನ ಕಾಯಿಲೆ ಹರಡುವ ಉಣುಗಿನ ವಿಷಯವೂ ತಿಳಿದಿರಲಿ.

ಟಿಪ್ಪಣಿಯನ್ನು ಪೆನ್ಸಿಲಿನಲ್ಲಿ ಬರೆಯಿರಿ. ಮಳೆಗೆ ಪೆನ್ನಿನ ಶಾಯಿ ಹರಡುತ್ತದೆ. ಅರ್ಜಿಯ ಜೊತೆ ಎರಡು ಪುಟಗಳ ಸ್ಕ್ಯಾನ್ ಕಳಿಸಿ, ನಕಲು ತಿದ್ದಬೇಡಿ, ಮಣ್ಣಿನ ಕಲೆ ಇದ್ದರೂ ಇರಲಿ. ಆ ಎರಡರಲ್ಲಿ ಒಂದು ಸೊನ್ನೆ ಬಂದ ದಿನದ ಪುಟವಾಗಿರಲಿ.