ಬ್ಯುರೆಟ್‌ ಅನ್ನು ದ್ರಾವಣದಿಂದ ತೊಳೆಯಬೇಕು, ಕೋನಿಕಲ್ ಫ್ಲಾಸ್ಕನ್ನು ಯಾಕೆ ಹಾಗೆ ತೊಳೆಯಬಾರದು?

ಬಿಎಸ್ಸಿ ಮೊದಲ ವರ್ಷದ ಟೈಟ್ರೇಶನ್ ಲ್ಯಾಬ್‌ನಲ್ಲಿ ಬಹಳ ಜನಕ್ಕೆ ಬರುವ ಅನುಮಾನ ಇದು, ವೈವಾದಲ್ಲೂ (ಮೌಖಿಕ ಪರೀಕ್ಷೆ) ಕೇಳುತ್ತಾರೆ. ಟೈಟ್ರೇಶನ್ ಅಂದರೆ ಇಲ್ಲಿ, ಫ್ಲಾಸ್ಕ್‌ನಲ್ಲಿರುವ ಆಸಿಡ್‌ಗೆ ಬ್ಯುರೆಟ್‌ನಿಂದ (ಅಳತೆ ಗುರುತು, ನಲ್ಲಿ ಇರುವ ಉದ್ದ ಗಾಜಿನ ಕೊಳವೆ) ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು, ಎಷ್ಟು ಬೇಕಾಯಿತು ಅಂತ ಅಳೆಯುವುದು.

ಬ್ಯುರೆಟ್‌ ಒಳಗೆ ನೀರು ಉಳಿದಿದ್ದರೆ ನೀವು ತುಂಬುವ ದ್ರಾವಣ ತೆಳುವಾಗುತ್ತದೆ. 50 ಮಿ.ಲೀ. ಬ್ಯುರೆಟ್‌ನಲ್ಲಿ 1 ಮಿ.ಲೀ. ನೀರು ಉಳಿದಿದೆ ಅಂದುಕೊಳ್ಳಿ. ಅದರ ಮೇಲೆ 0.1 ನಾರ್ಮಲ್ (ದ್ರಾವಣ ಎಷ್ಟು ಗಾಢ ಅಂತ ಹೇಳುವ ಅಳತೆ) ಸೋಡಿಯಂ ಹೈಡ್ರಾಕ್ಸೈಡ್ ತುಂಬಿದರೆ, ಚೆನ್ನಾಗಿ ಬೆರೆತಾಗ ಅದು 0.098 ಆಗಿಬಿಡುತ್ತದೆ, ಅಂದರೆ 10 ಮಿ.ಲೀ.ಗೆ ಮುಗಿಯಬೇಕಿದ್ದ ಟೈಟ್ರೇಶನ್ 10.2ರವರೆಗೆ ಹೋಗುತ್ತದೆ. 0.1 ಮಿ.ಲೀ. ವ್ಯತ್ಯಾಸ ಬಂದರೇ ಮತ್ತೆ ಮಾಡು ಅಂತಾರೆ, ಇದು ಅದರ ಎರಡರಷ್ಟು! ಹಾಗಾಗಿ ಅದೇ ದ್ರಾವಣವನ್ನು ಸ್ವಲ್ಪ ಸ್ವಲ್ಪ ಹಾಕಿ ಎರಡು ಸಲ ತೊಳೆದು ಚೆಲ್ಲಿ. ನಲ್ಲಿಯ ಕೆಳಗಿನ ಮೂತಿಯಿಂದಲೂ ಹರಿಸಿ, ಅದನ್ನು ಬಹಳ ಜನ ಮರೆಯುತ್ತಾರೆ. ಆಸಿಡ್ ಅಳೆದು ಫ್ಲಾಸ್ಕ್‌ಗೆ ಹಾಕುವ ಕೊಳವೆ, ಅಂದರೆ ಪಿಪೆಟ್‌ಗೂ ಇದೇ ಕಥೆ, ಅದನ್ನು ಆಸಿಡ್‌ನಿಂದ ತೊಳೆಯಬೇಕು.

ಫ್ಲಾಸ್ಕ್ ವಿಷಯ ಬೇರೆ. ಅಲ್ಲಿ ಮುಖ್ಯವಾಗುವುದು ಒಟ್ಟು ಎಷ್ಟು ಆಸಿಡ್ ಇದೆ ಅನ್ನೋದು. ಪಿಪೆಟ್‌ನಿಂದ ಅಳೆದು ಬಿಟ್ಟಾಗಲೇ ಅದು ತೀರ್ಮಾನವಾಯಿತು. ನೀರು ಸೇರಿದರೆ ಆಸಿಡ್ ಜಾಸ್ತಿಯೂ ಆಗಲ್ಲ, ಕಮ್ಮಿಯೂ ಆಗಲ್ಲ. ಆದರೆ ಆಸಿಡ್‌ನಿಂದಲೇ ತೊಳೆದರೆ ಗೋಡೆಗೆ ಅಂಟಿದ ಹನಿಗಳು ಲೆಕ್ಕಕ್ಕೆ ಸೇರದೆ ಒಳಗೆ ಉಳಿಯುತ್ತವೆ, ರೀಡಿಂಗ್ ಏರುತ್ತದೆ. ಡಿಸ್ಟಿಲ್ಡ್ ನೀರಿನಲ್ಲಿ ತೊಳೆದರೆ ಸಾಕು, ಒರೆಸಿ ಒಣಗಿಸುವ ಗೋಜೂ ಬೇಡ.