ನೆಟ್‌ನಲ್ಲಿ ಸಿಕ್ಕ ವಿಚಿತ್ರಗಳು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ನೆಟ್‌ನಲ್ಲಿ ಕಣ್ಣಿಗೆ ಬಿದ್ದು ತಲೆಬುಡ ಅರ್ಥ ಆಗದೇ ಇರೋದು ಏನಾದ್ರೂ ಇದ್ರೆ ಕಳಿಸಿ ಅಂದಿದ್ವಿ. ಬಂದಿರೋದನ್ನ ನೋಡಿದ್ರೆ ನಿಮ್ಮಲ್ಲಿ ಅರ್ಧ ಜನ ರಾತ್ರಿ ಮಲಗೋದೇ ಇಲ್ಲ ಅನ್ಸುತ್ತೆ. ಮೊದಲೇ ಹೇಳ್ಬಿಡ್ತೀನಿ, ಈ ಸಲದ ಉತ್ತರಗಳಲ್ಲಿ ಭೂತ, ಏಲಿಯನ್ನು, ಗೂಢಚಾರಿ ಯಾರೂ ಸಿಗಲ್ಲ, ಕೆಲಸ ಸುಲಭ ಆಗ್ಲಿ ಅಂತ ಏನೋ ಮಾಡಿಟ್ಟು ಮರೆತು ಹೋದೋರು ಮಾತ್ರ ಸಿಗ್ತಾರೆ.

ಪ್ರಶ್ನೆ: ಯೂಟ್ಯೂಬ್‌ನಲ್ಲಿ ಒಂದು ಚಾನೆಲ್ ಇದೆ, ಅದರಲ್ಲಿ ಬರೀ ಕೆಂಪು, ನೀಲಿ ಚೌಕಗಳು ಬಂದು ಹೋಗ್ತವೆ, ಬೀಪ್ ಬೀಪ್ ಅಂತ ಸೌಂಡು, ಇಂಥವು ಸಾವಿರಗಟ್ಟಲೆ ವಿಡಿಯೋ. ಸೀಕ್ರೆಟ್ ಕೋಡ್ ಅಂತಾರಲ್ಲ, ನಿಜಾನಾ?

ಅದು ವೆಬ್‌ಡ್ರೈವರ್ ಟೋರ್ಸೋ. 2014ರಲ್ಲಿ ಜನರ ಕಣ್ಣಿಗೆ ಬಿದ್ದಾಗ ಇಡೀ ನೆಟ್ಟೇ ತಲೆ ಕೆಡಿಸ್ಕೊಂಡಿತ್ತು, ಒಂದೊಂದು ವಿಡಿಯೋ 11 ಸೆಕೆಂಡು, ಯಾರು ಹಾಕ್ತಿದಾರೆ ಗೊತ್ತಿಲ್ಲ, ಬೇಹುಗಾರರಿಗೆ ಗುಟ್ಟಿನ ಮೆಸೇಜು ಕಳಿಸೋಕೆ ರೇಡಿಯೋದಲ್ಲಿ ನಂಬರ್ ಓದ್ತಿದ್ರಲ್ಲ ಆ ಥರದ್ದೇ ಏನೋ ಅಂತ ಕೆಲವರು, ಬೇರೆ ಲೋಕದಿಂದ ಮೆಸೇಜು ಅಂತ ಇನ್ನು ಕೆಲವರು. ಅಷ್ಟು ವಿಡಿಯೋಗಳ ಮಧ್ಯೆ ಒಂದರಲ್ಲಿ ಮಾತ್ರ ಐಫೆಲ್ ಟವರ್ ಕಾಣಿಸಿತ್ತು ನೋಡಿ, ಅದೊಂದು ಸಾಕಾಯ್ತು ಎಲ್ಲರಿಗೂ. ಕೊನೆಗೆ ಗೂಗಲ್‌ನವರೇ ಒಪ್ಕೊಂಡ್ರು, ಅಪ್‌ಲೋಡ್ ಆದ ವಿಡಿಯೋ ಕ್ವಾಲಿಟಿ ಸರಿ ಇದ್ಯಾ ಅಂತ ಚೆಕ್ ಮಾಡೋಕೆ ಮೆಷಿನ್ನೇ ತಯಾರು ಮಾಡಿ ಹಾಕ್ತಿದ್ದ ಟೆಸ್ಟ್ ವಿಡಿಯೋ ಅವು. ಮನುಷ್ಯರು ನೋಡ್ಲಿ ಅಂತ ಮಾಡಿದ್ದೇ ಅಲ್ಲ, ಪಬ್ಲಿಕ್ಕಾಗಿ ಬಿಟ್ಟಿದ್ರು ಅಷ್ಟೇ. ನನಗೆ ಅನ್ಸೋದು, ವಿಚಿತ್ರ ಆ ವಿಡಿಯೋದಲ್ಲಿ ಇರಲೇ ಇಲ್ಲ, ಯೂಟ್ಯೂಬ್‌ನಲ್ಲಿ ಇದೆ ಅಂದ್ಮೇಲೆ ನಮಗೇನೋ ಹೇಳ್ತಿದೆ ಅಂದ್ಕೊಳ್ಳೋ ನಮ್ಮ ಅಭ್ಯಾಸದಲ್ಲಿತ್ತು.

ಪ್ರಶ್ನೆ: ಒಂದು ಆ್ಯಪ್‌ನಲ್ಲಿ ನನ್ನ ಲೊಕೇಷನ್ ಆಫ್ರಿಕಾ ಹತ್ರ ಸಮುದ್ರದ ಮಧ್ಯೆ ತೋರಿಸ್ತು. ಫೋನ್ ಹ್ಯಾಕ್ ಆಗಿದ್ಯಾ?

ಇಲ್ಲ, ನೀವು ನಲ್ ಐಲ್ಯಾಂಡ್‌ಗೆ ಹೋಗಿ ಬಂದಿದೀರ. ಅಕ್ಷಾಂಶ 0, ರೇಖಾಂಶ 0 ಸೇರೋ ಜಾಗ ಅದು, ಗಿನಿ ಕೊಲ್ಲಿಯಲ್ಲಿದೆ. ಲೊಕೇಷನ್ ಸಿಗದೇ ಇದ್ದಾಗ ಕೆಲವು ಸಾಫ್ಟ್‌ವೇರ್ ಖಾಲಿ ಬಿಡೋ ಬದಲು ಸೊನ್ನೆ ತುಂಬಿಸ್ಬಿಡುತ್ತೆ, ಮ್ಯಾಪ್ ಪಾಪ ಅದನ್ನ ನಿಜವಾದ ಜಾಗ ಅಂತ್ಲೇ ತಗೊಳ್ಳುತ್ತೆ. ಹಾಗಾಗಿ ಪ್ರಪಂಚದ ಎಲ್ಲ ಕಡೆಯ ತಪ್ಪು ಡೇಟಾ, ಫೋಟೋ, ಅಡ್ರೆಸ್ಸು ಎಲ್ಲ ಅಲ್ಲೇ ರಾಶಿ ಬೀಳುತ್ತೆ. ದ್ವೀಪ ಗೀಪ ಏನೂ ಇಲ್ಲ, ಹವಾಮಾನ ಅಳೆಯೋಕೆ ಸಮುದ್ರದ ತಳಕ್ಕೆ ಕಟ್ಟಿ ತೇಲಿ ಬಿಟ್ಟಿದ್ದ ಒಂದು ಯಂತ್ರ ಇತ್ತು ಅಷ್ಟೇ. ನ್ಯಾಚುರಲ್ ಅರ್ಥ್ ಅನ್ನೋ ಫ್ರೀ ಮ್ಯಾಪ್ ಡೇಟಾದವರು ಮಾತ್ರ ತಪ್ಪು ಹಿಡಿಯೋಕೆ ಅನುಕೂಲ ಆಗ್ಲಿ ಅಂತ ಅಲ್ಲಿ ಒಂದು ಚದರ ಮೀಟರ್‌ನ ಸುಳ್ಳು ದ್ವೀಪ ಸೇರಿಸಿದ್ರು.

ಸಮುದ್ರ ಆಗಿದ್ದಕ್ಕೆ ಸರಿಹೋಯ್ತು. ಇದೇ ಥರದ ಸುಲಭ ದಾರಿ ನೆಲದ ಮೇಲೆ ಏನು ಮಾಡ್ತು ಕೇಳಿ. ಐಪಿ ಅಡ್ರೆಸ್ (ನೆಟ್‌ನಲ್ಲಿ ಕಂಪ್ಯೂಟರ್‌ಗೆ ಸಿಗೋ ನಂಬರ್) ನೋಡಿ ಕಂಪ್ಯೂಟರ್ ಎಲ್ಲಿದೆ ಅಂತ ಹೇಳೋ ಮ್ಯಾಕ್ಸ್‌ಮೈಂಡ್ ಅನ್ನೋ ಕಂಪನಿ, ಅಮೆರಿಕದಲ್ಲಿದೆ ಅಂತ ಮಾತ್ರ ಗೊತ್ತು, ಎಲ್ಲಿ ಅಂತ ಗೊತ್ತಿಲ್ಲ ಅನ್ನೋ ಅಡ್ರೆಸ್‌ಗಳಿಗೆಲ್ಲ ದೇಶದ ಮಧ್ಯಭಾಗ ಅಂತ ಒಂದು ಪಾಯಿಂಟ್ ಕೊಟ್ಟಿತ್ತು, ಅದೂ ದಶಾಂಶದ ತಲೆನೋವು ಬೇಡ ಅಂತ ಅಕ್ಷಾಂಶ 38, ರೇಖಾಂಶ 97 ಅಂತ ಹತ್ತಿರದ ಸುಲಭ ನಂಬರ್ ಹಾಕಿ. ಆ ಪಾಯಿಂಟ್ ಹೋಗಿ ಬಿದ್ದಿದ್ದು ಕ್ಯಾನ್ಸಸ್‌ನ ಪಾಟ್ವಿನ್ ಹತ್ರದ ಒಂದು ತೋಟದ ಮನೆ ಮೇಲೆ. 60 ಕೋಟಿಗೂ ಹೆಚ್ಚು ಐಪಿ ಅಡ್ರೆಸ್‌ಗಳು ಒಂದೇ ಮನೆಗೆ! ಆನ್‌ಲೈನ್‌ನಲ್ಲಿ ಮೋಸ ಹೋದೋರು, ಕಾಣೆಯಾದೋರನ್ನ ಹುಡುಕೋ ಪೊಲೀಸರು, ಆಂಬ್ಯುಲೆನ್ಸು, ಎಲ್ಲ ವರ್ಷಗಟ್ಟಲೆ ಅವರ ಬಾಗಿಲಿಗೇ ಬಂತು, ಅಲ್ಲಿದ್ದೋರಿಗೆ ಯಾಕೆ ಅಂತಾನೇ ಗೊತ್ತಿರಲಿಲ್ಲ. 2016ರಲ್ಲಿ ಒಬ್ಬ ಪತ್ರಕರ್ತೆ ಬರೆದ ಮೇಲೇನೇ ಕಂಪನಿ ಆ ಪಾಯಿಂಟನ್ನ ಒಂದು ಕೆರೆ ಮಧ್ಯಕ್ಕೆ ಸರಿಸಿದ್ದು. ಇದನ್ನ ಓದಿ ನಗೋದಾ ಬೇಡ್ವಾ ಗೊತ್ತಾಗಲ್ಲ. ‘ಗೊತ್ತಿಲ್ಲ’ ಅಂತ ಹೇಳೋಕೆ ಕಂಪ್ಯೂಟರ್‌ಗೆ ಯಾರೂ ಕಲಿಸಲಿಲ್ಲ, ಬಂದ ಉತ್ತರವನ್ನ ಅನುಮಾನಿಸೋಕೆ ನಾವೂ ಕಲೀಲಿಲ್ಲ.

ಪ್ರಶ್ನೆ: ಮೊದಲ ವೆಬ್‌ಕ್ಯಾಮ್ ಇಟ್ಟಿದ್ದು ಕಾಫಿ ಪಾತ್ರೆ ನೋಡೋಕೆ ಅಂತ ಫಾರ್ವರ್ಡ್ ಬಂದಿದೆ. ಸುಳ್ಳು ತಾನೇ?

ಫಾರ್ವರ್ಡ್‌ಗಳಲ್ಲೂ ಅಪರೂಪಕ್ಕೆ ನಿಜ ಇರುತ್ತೆ. ಕೇಂಬ್ರಿಡ್ಜ್ ಯೂನಿವರ್ಸಿಟಿ ಕಂಪ್ಯೂಟರ್ ಲ್ಯಾಬ್‌ನಲ್ಲಿ ಬೇರೆ ಮಹಡಿಯಿಂದ ನಡ್ಕೊಂಡು ಬಂದ್ರೆ ಪಾತ್ರೆ ಖಾಲಿ ಇರ್ತಿತ್ತು, ಅದಕ್ಕೆ 1991ರಲ್ಲಿ ಅದರ ಮುಂದೆ ಕ್ಯಾಮೆರಾ ಇಟ್ಟು ಎಲ್ಲರ ಸ್ಕ್ರೀನ್‌ಗೆ ಪುಟ್ಟ ಕಪ್ಪುಬಿಳುಪು ಚಿತ್ರ ಬರೋ ಹಾಗೆ ಮಾಡಿದ್ರು. 1993ರಲ್ಲಿ ವೆಬ್‌ಗೂ ಹಾಕಿದ್ರು, ಆ ಕಾಫಿ ಒಂದು ತೊಟ್ಟೂ ಸಿಗದ ಲಕ್ಷಾಂತರ ಜನ ಕೂತು ನೋಡಿದ್ರು. 2001ರಲ್ಲಿ ಕ್ಯಾಮೆರಾ ಆಫ್ ಆಯ್ತು, ಕೆಟ್ಟುಹೋಗಿದ್ದ ಆ ಕಾಫಿ ಮೆಷಿನ್ನು ಹರಾಜಲ್ಲಿ 3,350 ಪೌಂಡ್‌ಗೆ ಹೋಯ್ತು. ಈಗ ಊಟ ಮಾಡೋದನ್ನ, ಓದ್ತಾ ಕೂತಿರೋದನ್ನ ಲೈವ್ ಬಿಟ್ರೂ ಜನ ನೋಡ್ತಾರೆ ಅಂತ ಆಶ್ಚರ್ಯ ಪಡೋರು ಈ ಪಾತ್ರೆನ ನೆನಪಿಸ್ಕೊಳ್ಳಿ.

ಪ್ರಶ್ನೆ: ಹಳದಿ ಗೋಡೆ, ಖಾಲಿ ರೂಮು, ನೋಡಿದ್ರೆ ಭಯ ಆಗೋ ಆ ಬ್ಯಾಕ್‌ರೂಮ್ಸ್ ಫೋಟೋ ಎಲ್ಲಿದು ಅಂತ ಗೊತ್ತಾಯ್ತಂತೆ. ಗೊತ್ತಾದ್ಮೇಲೆ ಮಜಾನೇ ಹೋಯ್ತಲ್ಲ, ಯಾಕೆ ಹುಡುಕ್ತಾರೆ ಇವರು?

2019ರಿಂದ ಅದರ ಸುತ್ತ ಕಥೆ, ಗೇಮು, ವಿಡಿಯೋ ಬೆಳೆದಿದ್ದಕ್ಕೆ ಲೆಕ್ಕ ಇಲ್ಲ. 2024ರಲ್ಲಿ ಮೂಲ ಸಿಕ್ತು: ವಿಸ್ಕಾನ್ಸಿನ್‌ನ ಆಶ್‌ಕಾಶ್ ಊರಲ್ಲಿ ಆಟದ ಸಾಮಾನಿನ ಅಂಗಡಿಯವರು ಹಳೇ ಫರ್ನಿಚರ್ ಅಂಗಡಿ ಕಟ್ಟಡವನ್ನ ರಿಪೇರಿ ಮಾಡಿಸ್ತಾ, ಕೆಲಸ ಎಲ್ಲಿಗೆ ಬಂತು ಅಂತ ತೋರಿಸೋಕೆ 2003ರಲ್ಲಿ ತಮ್ಮ ಪೇಜ್‌ಗೆ ಹಾಕಿದ್ದ ಫೋಟೋ. ಇದಕ್ಕಿಂತ ಬೋರ್ ಹೊಡೆಸೋ ಉತ್ತರ ಬೇಕಾ? ಆದ್ರೂ ಮಜಾ ಹೋಯ್ತು ಅಂತ ನಾನು ಒಪ್ಪಲ್ಲ. ಅದೇ ವರ್ಷ ಇನ್ನೊಂದು ಸಿಕ್ತು: 1980ರ ದಶಕದಲ್ಲಿ ಜರ್ಮನಿಯ ಒಬ್ಬ ಹುಡುಗ ರೇಡಿಯೋದಿಂದ ಕ್ಯಾಸೆಟ್‌ಗೆ ರೆಕಾರ್ಡ್ ಮಾಡ್ಕೊಂಡಿದ್ದ, ಯಾರು ಹಾಡಿದ್ದು ಅಂತ ಯಾರಿಗೂ ಗೊತ್ತಿಲ್ಲದ ಹಾಡು. 2007ರಿಂದ ಗುರುತು ಪರಿಚಯ ಇಲ್ಲದ ಜನ ಸೇರಿ ಹುಡುಕ್ತಾನೇ ಇದ್ರು, ಕೊನೆಗೆ ಹಳೇ ಪೇಪರ್ ಕೆದಕಿದ ಒಬ್ಬರಿಗೆ ಕೀಲ್ ಊರಿನ ಫೆಕ್ಸ್ ಅನ್ನೋ ಬ್ಯಾಂಡ್ ಸಿಕ್ತು. ತಮ್ಮ ಹಾಡನ್ನ ಇಷ್ಟು ಜನ ಹುಡುಕ್ತಿದಾರೆ ಅಂತ ಆ ಬ್ಯಾಂಡಿನವರಿಗೇ ಗೊತ್ತಿರಲಿಲ್ಲ! ಒಬ್ಬರಿಗೂ ಇದರಿಂದ ದುಡ್ಡಿಲ್ಲ, ಯಾರೂ ಹೇಳಿ ಮಾಡಿಸಿದ ಕೆಲಸಾನೂ ಅಲ್ಲ. ಫೀಡ್ ತಂದು ಬಡಿಸಿದ್ದನ್ನೇ ತಿಂದ್ಕೊಂಡು ಇರೋ ಕಾಲದಲ್ಲಿ ಇದು ನನಗೆ ದೊಡ್ಡ ವಿಷಯ ಅನ್ಸುತ್ತೆ.

ಪ್ರಶ್ನೆ: ಈಗ ಬರೋ ವಿಚಿತ್ರ ಫೋಟೋ ಎಐ ಮಾಡಿದ್ದಾ ನಿಜಾನಾ ಅಂತ ಹೆಂಗೆ ನೋಡೋದು?

ಎಐ ಫೋಟೋದಲ್ಲಿ ಬೆರಳು ಹೆಚ್ಚುಕಮ್ಮಿ ಇರುತ್ತೆ ಅಂತ ಎಣಿಸೋದು ಬಿಡಿ, ಈಗ ಅದೂ ಸರಿಯಾಗೇ ಬರುತ್ತೆ. ಟಿನ್‌ಐ ಥರದ ಇಮೇಜ್ ಸರ್ಚ್‌ಗೆ ಹಾಕಿ, ತೀರಾ ಹಳೇ ಕಾಪಿ ಮೊದಲು ಬರೋ ಹಾಗೆ ಸಾರ್ಟ್ ಮಾಡಿ. 2015ರ ಕಾಪಿ ಸಿಕ್ರೆ ಎಐ ಅಂತೂ ಅಲ್ಲ. ಆ ಪೇಜ್ ಓಪನ್ ಆಗ್ತಿಲ್ಲ ಅಂದ್ರೆ ಲಿಂಕನ್ನ ಹಳೇ ವೆಬ್‌ಪೇಜ್‌ಗಳ ಕಾಪಿ ಇಟ್ಕೊಳ್ಳೋ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ಗೆ ಕೊಟ್ಟು ನೋಡಿ. ಅಮೆರಿಕದ ಸಂಶೋಧನಾ ಸಂಸ್ಥೆ ಪ್ಯೂ ರಿಸರ್ಚ್‌ನವರು 2024ರಲ್ಲಿ ಹೇಳಿದ ಪ್ರಕಾರ 2013ರಲ್ಲಿದ್ದ ವೆಬ್‌ಪೇಜ್‌ಗಳಲ್ಲಿ ಶೇ 38ರಷ್ಟು ಹತ್ತು ವರ್ಷಕ್ಕೆ ಮಾಯ ಆಗಿದ್ವು, ಹಾಗಾಗಿ ಇವತ್ತು ಏನಾದ್ರೂ ಮಜಾ ಇರೋದು ಸಿಕ್ರೆ ವೇಬ್ಯಾಕ್ ಮೆಷಿನ್ ಸೈಟ್‌ನಲ್ಲೇ ಸೇವ್ ಪೇಜ್ ಅಂತ ಇರುತ್ತೆ, ಅದಕ್ಕೆ ಹಾಕಿಡಿ, ಸ್ಕ್ರೀನ್‌ಶಾಟ್ ನೆಚ್ಕೊಂಡು ಕೂರ್ಬೇಡಿ.