ಅದು ಯಾರ ಪುಸ್ತಕ?

ಓದುಗರ ಪತ್ರ: “ಪಿಯುಸಿಯಲ್ಲಿ ಕಲಾ ವಿಭಾಗ ಓದಿದೆ, ಕನ್ನಡ ಮಾಧ್ಯಮ. ಈಗ ಬಿ.ಕಾಂ. ಮೊದಲ ಸೆಮಿಸ್ಟರ್. ಕ್ಲಾಸಿನಲ್ಲಿ ‘ಹಣ ಬಂದರೆ ಡೆಬಿಟ್’ ಅಂತ ಬರೆಸಿದರು. ಅದೇ ವಾರ ನನ್ನ ಸ್ಕಾಲರ್‌ಶಿಪ್ ಬಂತು. ಬ್ಯಾಂಕಿನ ಮೆಸೇಜಿನಲ್ಲಿ ‘ಕ್ರೆಡಿಟ್’ ಅಂತ ಇತ್ತು. ಯಾವುದು ಸರಿ? ಕೇಳಿದರೆ ‘ರೂಲ್ಸ್ ಬಾಯಿಪಾಠ ಮಾಡು’ ಅಂದರು. ಅಪ್ಪನಿಗೆ ಊರಲ್ಲಿ ಕಿರಾಣಿ ಅಂಗಡಿ ಇದೆ, ಆದರೆ ನನಗೆ ಈ ಲೆಕ್ಕ ಹತ್ತುತ್ತಿಲ್ಲ. ಬಿ.ಎ.ಗೆ ಬದಲಾಯಿಸಿಕೊಳ್ಳಲೇ? ಒಂದು ವರ್ಷದ ಚಂದಾ ಕೂಡ ಕಳಿಸಿದ್ದೇನೆ.” — ಒಬ್ಬ ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ

ಸಂಪಾದಕರ ಉತ್ತರ:

ಬಿ.ಎ. ವಿಚಾರ ಆಮೇಲೆ ನೋಡೋಣ. ಮೊದಲು ನಿಮ್ಮ ಪ್ರಶ್ನೆ. ಮೇಷ್ಟ್ರು ಹೇಳಿದ್ದೂ ಸರಿ, ಬ್ಯಾಂಕು ಹೇಳಿದ್ದೂ ಸರಿ. ಆ ಮೆಸೇಜು ಯಾರ ಪುಸ್ತಕದಿಂದ ಬಂತು ಅಂತ ಮಾತ್ರ ನೀವು ಕೇಳಿಕೊಳ್ಳಲಿಲ್ಲ.

ಅದು ಬಂದದ್ದು ಬ್ಯಾಂಕಿನ ಪುಸ್ತಕದಿಂದ. ಅಲ್ಲಿ ನಿಮ್ಮ ಹೆಸರಿನಲ್ಲಿ ಒಂದು ಖಾತೆ ಇದೆ. ನಿಮ್ಮ ದುಡ್ಡು ಅವರ ಹತ್ತಿರ ಬಂದ ಕೂಡಲೇ ಅವರು ನಿಮಗೆ ಬಾಕಿದಾರರು. ನೀವು ಕೇಳಿದಾಗ ವಾಪಸು ಕೊಡಬೇಕು. ಹಾಗಾಗಿ ಅವರ ಪುಸ್ತಕದಲ್ಲಿ ನಿಮ್ಮ ಖಾತೆಗೆ ಕ್ರೆಡಿಟ್. ನೀವೇ ಒಂದು ಪುಸ್ತಕ ಇಟ್ಟಿದ್ದರೆ ಅದರಲ್ಲಿ ‘ಬ್ಯಾಂಕ್ ಖಾತೆ’ ಅಂತ ಒಂದು ಪುಟ ಇರುತ್ತಿತ್ತು, ಅಲ್ಲಿ ಅದೇ ಹಣಕ್ಕೆ ಡೆಬಿಟ್. ನಾನು ನಿಮಗೆ ನೂರು ರೂಪಾಯಿ ಕೊಡಬೇಕು ಅನ್ನುವುದೂ, ನಿಮಗೆ ನನ್ನಿಂದ ನೂರು ರೂಪಾಯಿ ಬರಬೇಕು ಅನ್ನುವುದೂ ಒಂದೇ ತಾನೇ?

ಪಿಗ್ಮಿ ಗೊತ್ತಲ್ಲ? ಅಪ್ಪನ ಅಂಗಡಿಗೂ ಸಂಜೆ ಯಾರಾದರೂ ಪಿಗ್ಮಿ ಕಟ್ಟಿಸಿಕೊಳ್ಳಲು ಬರುತ್ತಿರಬಹುದು. ಅದು ನಮ್ಮ ಉಡುಪಿಯಲ್ಲೇ ಹುಟ್ಟಿದ್ದು. ಆಮೇಲೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಸಂಸ್ಥೆ 1928ರಲ್ಲಿ ಶುರು ಮಾಡಿತು, ದಿನಕ್ಕೆ 2 ಆಣೆ ಕಟ್ಟಿದರೂ ಸಾಕಿತ್ತು. ಆ 2 ಆಣೆ ಕಟ್ಟಿದವನಿಗೆ ಆಸ್ತಿ, ಬ್ಯಾಂಕಿಗೆ ಸಾಲ. ಇವತ್ತಿಗೂ ಅಷ್ಟೇ. ‘ನಮ್ಮಲ್ಲಿ ಇಷ್ಟು ಕೋಟಿ ಠೇವಣಿ’ ಅಂತ ಬ್ಯಾಂಕುಗಳು ಹೆಮ್ಮೆಯಿಂದ ಜಾಹೀರಾತು ಹಾಕುತ್ತವೆ. ಅವರದೇ ಅಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್, ಒಂದು ಕಡೆ ಆಸ್ತಿ, ಇನ್ನೊಂದು ಕಡೆ ಹೊಣೆ ಅಂದರೆ ಕೊಡಬೇಕಾದದ್ದು) ತೆಗೆದು ನೋಡಿ, ಆ ಠೇವಣಿ ಕೂತಿರುವುದು ಹೊಣೆಗಳ ಕಡೆ.

ಈಗ ಅಪ್ಪನ ಉದ್ರಿ ಪುಸ್ತಕಕ್ಕೆ ಬನ್ನಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕಂದರೆ ನಿಮ್ಮ ಅರ್ಧ ಸಿಲಬಸ್ ಅದರೊಳಗೇ ಇದೆ. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಪುಟ. ಸಾಮಾನು ತಗೊಂಡು ಹೋದಾಗ ಅವರ ಲೆಕ್ಕಕ್ಕೆ ಬರೆಯುತ್ತಾರೆ. ಸಂತೆ ದಿನ ಬಂದು ಒಂದಿಷ್ಟು ಕೊಟ್ಟರೆ ‘ಜಮಾ’ ಅಂತ ಬರೆಯುತ್ತಾರೆ. ತಗೊಂಡವರಿಗೆ ಡೆಬಿಟ್, ಕೊಟ್ಟವರಿಗೆ ಕ್ರೆಡಿಟ್. ನಿಮಗೆ ಬರೆಸಿದ ಮೂರು ರೂಲ್ಸಿನಲ್ಲಿ ಮೊದಲನೆಯದು ಇದೇ. ಅಪ್ಪ ಅದನ್ನು ಬಾಯಿಪಾಠ ಮಾಡಿಲ್ಲ, ಆದರೆ ತಪ್ಪಿದ್ದೂ ಇರಲಿಕ್ಕಿಲ್ಲ.

ಅಪ್ಪ ಮಾಡದೆ ಇರುವುದು ಇನ್ನೊಂದು ಇದೆ. 340 ರೂಪಾಯಿಯ ಸಾಮಾನು ಉದ್ರಿ ಕೊಟ್ಟರೆ ಅವರು ಒಂದೇ ಸಲ ಬರೆಯುತ್ತಾರೆ, ಗಿರಾಕಿಯ ಪುಟದಲ್ಲಿ. ನಿಮ್ಮ ಕಾಲೇಜು ಹೇಳುವುದು ಎರಡು ಸಲ ಬರೆಯಿರಿ ಅಂತ. ಗಿರಾಕಿಯ ಖಾತೆಗೆ 340 ಡೆಬಿಟ್, ಮಾರಾಟದ ಖಾತೆಗೆ 340 ಕ್ರೆಡಿಟ್. ಮೊದಲನೆಯದು ಯಾರಿಂದ ಬರಬೇಕು ಅಂತ ಹೇಳುತ್ತದೆ, ಎರಡನೆಯದು ಯಾಕೆ ಬರಬೇಕು ಅಂತ ಹೇಳುತ್ತದೆ. ವರ್ಷದ ಕೊನೆಗೆ ‘ಎಷ್ಟು ಬಾಕಿ ಇದೆ’ ಅಂದರೆ ಅಪ್ಪ ಉತ್ತರ ಕೊಟ್ಟಾರು. ‘ಲಾಭ ಎಷ್ಟು’ ಅಂದರೆ ಆ ಪುಸ್ತಕ ಸುಮ್ನೆ ಕೂತಿರುತ್ತದೆ.

ಇನ್ನೊಂದು ತಮಾಷೆ. ಅಡುಗೆಮನೆಯಲ್ಲಿ ಸಕ್ಕರೆ ಮುಗಿದರೆ ಅವ್ವ ಅಂಗಡಿಯಿಂದಲೇ ಒಂದು ಕೆ.ಜಿ. ತರುತ್ತಾರೆ, ಅಲ್ವಾ? ಅದನ್ನು ಯಾರೂ ಬರೆಯುವುದಿಲ್ಲ. ಲೆಕ್ಕಶಾಸ್ತ್ರದ ಪ್ರಕಾರ ಅಂಗಡಿ ಬೇರೆ, ಅಪ್ಪ ಬೇರೆ. ಆ ಸಕ್ಕರೆ ‘ಡ್ರಾಯಿಂಗ್ಸ್’, ಮಾಲೀಕ ತನ್ನ ಬಂಡವಾಳದಿಂದ ಹಿಂತೆಗೆದುಕೊಂಡದ್ದು. ಇದನ್ನು ಮನೆಯಲ್ಲಿ ಹೇಳುವಾಗ ಸ್ವಲ್ಪ ಜೋಪಾನ.

ಒಂದು ಕಡೆ ಮಾತ್ರ ಎಚ್ಚರ ಇರಲಿ. ಹಳೆಯ ಜಮಾ-ಖರ್ಚಿನ ಪುಸ್ತಕದಲ್ಲಿ ಜಮಾ ಎಡಗಡೆ ಇರುತ್ತದೆ. ಕಾಲೇಜಿನ ಖಾತೆಯಲ್ಲಿ ಎಡಗಡೆ ಡೆಬಿಟ್. ಮನೆಯ ಪುಸ್ತಕ ನೋಡಿ ಬೆಳೆದವರು ಇಲ್ಲಿ ಎಡವುತ್ತಾರೆ. ಅದು ದಡ್ಡತನ ಅಲ್ಲ, ಎರಡು ಪದ್ಧತಿ ತಲೆಯಲ್ಲಿ ಕಲಸಿಹೋಗಿರುತ್ತವೆ, ಅಷ್ಟೇ.

ಎರಡು ಸಲ ಬರೆಯುವ ಈ ಪದ್ಧತಿಯನ್ನು ಕಾಲೇಜಿನವರು ಕಂಡುಹಿಡಿದದ್ದಲ್ಲ. ಇಟಲಿಯ ವ್ಯಾಪಾರಿಗಳು ಬಹಳ ಹಿಂದಿನಿಂದ ಬರೆಯುತ್ತಿದ್ದರು. ಲೂಕಾ ಪಾಚೋಲಿ ಅನ್ನುವ ಸನ್ಯಾಸಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗಣಿತದ ಪುಸ್ತಕದಲ್ಲಿ ಅದನ್ನು ವಿವರಿಸಿದ. ಅಂಗಡಿಯಿಂದ ಪುಸ್ತಕಕ್ಕೆ ಹೋದ ವಿದ್ಯೆ ಇದು. ನಿಮಗೆ ಪುಸ್ತಕ ಮೊದಲು ಸಿಕ್ಕಿತು, ಹಾಗಾಗಿ ತೊಡಕು.

ನನ್ನದೂ ಒಂದು ಕಥೆ ಇದೆ. ಸಂಪಾದಕನಾದ ಹೊಸದರಲ್ಲಿ, ಒಂದು ಮಾರ್ಚ್ ತಿಂಗಳಲ್ಲಿ ಚಂದಾ ಹಣ ಚೆನ್ನಾಗಿ ಬಂತು. ನಾನು ಹಿಗ್ಗಿ, ಈ ಸಲ ಬಣ್ಣದ ಪುಟ ಹಾಕಿಸೋಣ ಅಂದೆ. ಲೆಕ್ಕ ಬರೆಯುವ ಹಿರಿಯರು ಕನ್ನಡಕದ ಮೇಲಿಂದ ನೋಡಿ, “ಅದು ನಮ್ಮ ದುಡ್ಡಲ್ಲ ಸಾರ್, ಸಾಲ” ಅಂದರು. ನನಗೆ ಸಿಟ್ಟೇ ಬಂತು. ಬ್ಯಾಂಕಿನಲ್ಲಿ ಬಿದ್ದಿರುವ ದುಡ್ಡು ನಮ್ಮದಲ್ಲ ಅಂದರೆ? ಅವರು ಚೀಟಿಯ ಹಿಂದೆ ಬರೆದು ತೋರಿಸಿದರು. ಚಂದಾ 600 ರೂಪಾಯಿ ಅಂತ ಇಟ್ಟುಕೊಳ್ಳಿ, 12 ಸಂಚಿಕೆ. ಮಾರ್ಚ್ 31ಕ್ಕೆ ಕಳಿಸಿರುವುದು ಒಂದೇ ಸಂಚಿಕೆ. ಹಾಗಾದರೆ ಈ ವರ್ಷದ ಆದಾಯ 50 ರೂಪಾಯಿ. ಉಳಿದ 550ಕ್ಕೆ ಇನ್ನೂ 11 ಸಂಚಿಕೆ ಕೊಡಬೇಕು, ಅದು ಹೊಣೆಗಳ ಕಡೆ. ನಾಳೆ ಪತ್ರಿಕೆ ನಿಂತರೆ ವಾಪಸು ಕೊಡಬೇಕಾದ ದುಡ್ಡು ಅದು. ಬಣ್ಣದ ಪುಟ ಆ ವರ್ಷ ಬರಲಿಲ್ಲ.

ದುಡ್ಡು ಬಂದದ್ದೆಲ್ಲ ಆದಾಯ ಅಲ್ಲ, ದುಡ್ಡು ಬಾರದಿದ್ದರೂ ಆದಾಯ ಇರಬಹುದು. ಎರಡನೆಯದಕ್ಕೆ ಅಪ್ಪನ ಉದ್ರಿಯೇ ಸಾಕ್ಷಿ. ಮೊದಲ ಸೆಮಿಸ್ಟರಿನಲ್ಲಿ ಇಷ್ಟು ತಲೆಗೆ ಹೋದರೆ ಉಳಿದದ್ದು ಅಭ್ಯಾಸದ ಮಾತು.

ತಾಳೆ ಪಟ್ಟಿ, ಅಂದರೆ ಎಲ್ಲ ಖಾತೆಗಳ ಡೆಬಿಟ್ ಒಂದು ಕಡೆ, ಕ್ರೆಡಿಟ್ ಇನ್ನೊಂದು ಕಡೆ ಕೂಡಿ ನೋಡುವ ಟ್ರಯಲ್ ಬ್ಯಾಲೆನ್ಸ್, ಸರಿಹೋಗದಿದ್ದರೆ ರಾತ್ರಿಯೆಲ್ಲ ಕೂರಬೇಡಿ. ಸರಿಹೋದರೂ ಹಿಗ್ಗಬೇಡಿ. ಚಹಾದ ಖರ್ಚನ್ನು ಕರೆಂಟ್ ಬಿಲ್ಲಿನ ಖಾತೆಗೆ ಬರೆದರೂ ಅದು ತಾಳೆಯಾಗುತ್ತದೆ! ಹೈದರಾಬಾದಿನ ಸತ್ಯಂ ಕಂಪನಿಯ ಪುಸ್ತಕದಲ್ಲಿ ನಗದು ಮತ್ತು ಬ್ಯಾಂಕಿನಲ್ಲಿರುವ ಹಣ ಅಂತ 5,361 ಕೋಟಿ ರೂಪಾಯಿ ಇತ್ತು. ಅದರಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಅಂತ 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ತಾವೇ ಪತ್ರ ಬರೆದರು. ಅಲ್ಲೂ ಎರಡು ಕಡೆ ಕೂಡಿದರೆ ಒಂದೇ ಮೊತ್ತ ಬರುತ್ತಿತ್ತು.

ಓದುವುದಕ್ಕೆ ಎನ್‌ಸಿಇಆರ್‌ಟಿಯ 11ನೇ ತರಗತಿಯ ಲೆಕ್ಕಶಾಸ್ತ್ರದ ಪುಸ್ತಕ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ, ಪಿಯುಸಿಯಲ್ಲಿ ಕಾಮರ್ಸ್ ಓದದವರು ಅಲ್ಲಿಂದಲೇ ಶುರು ಮಾಡಬೇಕು. ಕನ್ನಡದಲ್ಲಿ ಬೇಕೆಂದರೆ ನಿಮ್ಮೂರಿನ ಸಹಕಾರ ಸಂಘದ ವಾರ್ಷಿಕ ವರದಿ ಕೇಳಿ ತಗೊಳ್ಳಿ. ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ರೈತರು ಸಹಕಾರ ಸಂಘ ಕಟ್ಟಿದ ಸೀಮೆ ನಿಮ್ಮದು. ಷೇರು ಬಂಡವಾಳ, ಠೇವಣಿ, ಸವಕಳಿ, ಅಢಾವೆ ಪತ್ರಿಕೆ, ಎಲ್ಲ ಆ ವರದಿಯಲ್ಲಿ ಕನ್ನಡದಲ್ಲೇ ಇರುತ್ತದೆ. ಟ್ಯಾಲಿ ಕ್ಲಾಸಿಗೆ ಈಗಲೇ ದುಡ್ಡು ಕಟ್ಟಬೇಡಿ. ಒಳ್ಳೆಯ ಸಾಫ್ಟ್‌ವೇರು, ಬೆಂಗಳೂರಿನದೇ. ಆದರೆ ವೋಚರ್ (ಒಂದೊಂದು ವ್ಯವಹಾರದ ಚೀಟಿ) ಹಾಕಿದರೆ ಖಾತೆಗೆ ತಾನೇ ಏರಿಸಿಬಿಡುತ್ತದೆ. ಕೈಯಲ್ಲಿ ಒಂದು ತಿಂಗಳ ಲೆಕ್ಕ ಬರೆಯದೆ ಅದಕ್ಕೆ ಹೋದರೆ ಏನು ನಡೆಯಿತು ಅಂತ ಗೊತ್ತಾಗುವುದಿಲ್ಲ.

ಇನ್ನು ಬಿ.ಎ. ಇತಿಹಾಸವೋ ಕನ್ನಡವೋ ನಿಜವಾಗಿ ಇಷ್ಟ ಇದ್ದರೆ ಹೋಗಿ, ಸಿ.ಎ. ಬಾಗಿಲೂ ಮುಚ್ಚುವುದಿಲ್ಲ. ಪದವಿ ಮುಗಿಸಿ ಸಿ.ಎ.ಗೆ ನೇರವಾಗಿ ಸೇರುವ ದಾರಿಯಲ್ಲಿ ಕಾಮರ್ಸಿನವರಿಗೆ 55 ಪರ್ಸೆಂಟ್ ಕೇಳುತ್ತಾರೆ, ಬೇರೆಯವರಿಗೆ 60. ಆದರೆ ಡೆಬಿಟ್-ಕ್ರೆಡಿಟ್‌ಗೆ ಹೆದರಿ ಹೋಗಬೇಡಿ. ಇಂಥ ಪ್ರಶ್ನೆ ಕೇಳಿದವರಿಗೆ ಈ ವಿಷಯ ಹತ್ತುವುದಿಲ್ಲ ಅಂದರೆ ನಾನು ನಂಬುವುದಿಲ್ಲ.

ನಿಮ್ಮ ಚಂದಾ ತಲುಪಿದೆ. ಅದು ಈಗ ನಮ್ಮ ಪುಸ್ತಕದಲ್ಲಿ ಯಾವ ಕಡೆ ಇದೆ ಅಂತ ಮುಂದಿನ ಪತ್ರದಲ್ಲಿ ನೀವೇ ಬರೆಯಿರಿ. ಸರಿಯಿದೆಯೋ ಇಲ್ಲವೋ ಅಂತ ನಮ್ಮ ಹಿರಿಯರಿಗೆ ತೋರಿಸುತ್ತೇನೆ, ಕನ್ನಡಕ ಇನ್ನೂ ಅದೇ ಇದೆ.